ಎಂಟು ಅನ್ನುವವಳು

ನಾನು ಸಿಳ್ಳೆ ಹಾಕುವುದನ್ನು ಕಳೆದುಕೊಂಡಾಗ ನನಗೆ ಹತ್ತೊಂಬತ್ತು ವರ್ಷ. ಬೇಸರವೇನೂ ಆಗಲಿಲ್ಲ. ಯಾರಿಗೆ ಹಾಕಬೇಕಿತ್ತು? ಈಜು ಹೋದದ್ದು ಇಪ್ಪತ್ತೆರಡಕ್ಕೆ, ಊರ ಬಾವಿಗೆ ಪಾಚಿ ಕಟ್ಟಿದ ವರ್ಷ. ಸೈಕಲ್ಲು ಇಪ್ಪತ್ತನಾಲ್ಕಕ್ಕೆ. ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ನಾಳೆ ಹಾಕಿಸೋಣ, ನಾಡಿದ್ದು ಹಾಕಿಸೋಣ ಅಂದುಕೊಳ್ಳುತ್ತಲೇ ಎಂಟು ದಿನ ಕಳೆದವು. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಿ ಕೂತರೆ ಅದು ಪಳಗಿಸದ ಹೋರಿಯ ಹಾಗೆ ಪಕ್ಕಕ್ಕೆ ವಾಲಿ ನನ್ನನ್ನು ಚರಂಡಿಗೆ ಹಾಕಿತು. ಎದ್ದು ಮಂಡಿಯ ಕೆಸರು ಒರೆಸಿಕೊಂಡು, ಅವತ್ತೇ ಸೈಕಲ್ಲನ್ನು ಮಾರಿದೆ.

ನಮ್ಮೂರಿನಲ್ಲಿ ಹಾಗೇ. ಮೈ ಎಂಟು ದಿನ ಮಾಡದೆ ಬಿಟ್ಟದ್ದು ಮೈಯಲ್ಲಿ ಉಳಿಯುವುದಿಲ್ಲ. ಎಂಟನೆಯ ದಿನ ದೀಪ ಹಚ್ಚುವ ಹೊತ್ತಿನೊಳಗೆ ಒಂದು ಸಲ ಮಾಡಿದಿರೋ, ಮತ್ತೆ ಎಂಟು ದಿನಕ್ಕೆ ಅದು ನಿಮ್ಮದು. ಇಲ್ಲವೋ, ಹೋಯಿತು. ಆಮೇಲೆ ಬೇಕೆಂದರೆ ಗರಡಿಮನೆಗೆ ಹೋಗಿ ಕೂಸಿನ ಹಾಗೆ ಮೊದಲಿನಿಂದ ಕಲಿಯಬೇಕು. ಶನಿವಾರ ಶಾಲೆಯಲ್ಲಿ ಮೇಷ್ಟ್ರು ಮಕ್ಕಳನ್ನು ಕುಂಟಿಸುತ್ತಾರೆ, ತೆವಳಿಸುತ್ತಾರೆ, ಬೇವಿನ ಮರ ಹತ್ತಿಸುತ್ತಾರೆ. ದೊಡ್ಡವರು ತಮಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುತ್ತಾರೆ. ಬೇಕೆಂದೇ ಬಿಡುವವರು ಒಂಬತ್ತನೆಯ ದಿನ ಗೋಧಿ ಹುಗ್ಗಿ ಮಾಡಿ ಓಣಿಗೆ ಹಂಚುವ ಪದ್ಧತಿ ಇದೆ. ಎದುರುಮನೆಯ ಅಜ್ಜಿ ಅರವತ್ತೊಂದನೆಯ ವಯಸ್ಸಿನಲ್ಲಿ ಮರ ಹತ್ತುವುದನ್ನು ಬಿಟ್ಟಾಗ ನಾನು ಎರಡು ಬಟ್ಟಲು ತಿಂದಿದ್ದೆ. ನಮ್ಮವ್ವ ಮದುವೆಯಾದ ಎಂಟು ದಿನಕ್ಕೆ ಕುಣಿಯುವುದನ್ನು ಬಿಟ್ಟಳಂತೆ. ಅವತ್ತು ಹುಗ್ಗಿ ಮಾಡಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ.

ಅವ್ವನಿಂದಲೇ ನಾನು ಗರಡಿಮನೆಗೆ ಹೋಗುವಂತಾಯಿತು. ಅವಳ ಕೊನೆಯ ಹತ್ತು ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಇದ್ದೆ. ಅಲ್ಲಿದ್ದದ್ದು ಕುರ್ಚಿಯಂಥ ಕಮೋಡು. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನನ್ನ ಬಾಡಿಗೆ ಮನೆಯ ಪಾಯಿಖಾನೆಗೆ ಹೋದರೆ ಕುಕ್ಕರುಗಾಲಲ್ಲಿ ಕೂರಲು ಬರುತ್ತಿಲ್ಲ. ಮಂಡಿ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೇಗೆ ಹೋಗಬೇಕೆಂದು ಅದಕ್ಕೆ ತಿಳಿಯದು. ಅವ್ವ ಸತ್ತದ್ದಕ್ಕೆ ಅಳದವನು ಆವತ್ತು ಆ ನಾಲ್ಕಡಿ ಜಾಗದಲ್ಲಿ ಗೋಡೆ ಹಿಡಿದುಕೊಂಡು ಅತ್ತೆ. ದುಃಖವೋ ಅವಸರವೋ ಬಿಡಿಸಿ ಹೇಳಲಾರೆ. ಮನೆಯ ಮಾಲೀಕರಿಗೆ ಹೇಳಿದರೆ, "ಕಮೋಡು ಗಿಮೋಡು ಆಗಲ್ಲಪ್ಪ. ಕೂರೋಕೆ ಬರೋನು ಅಂತ ಮನೆ ಕೊಟ್ಟಿದ್ದು" ಅಂದರು.

ಗರಡಿಯ ವಸ್ತಾದ್ ಚಮನ್‌ಸಾಬ್‌ಗೆ ಎಪ್ಪತ್ತು ದಾಟಿತ್ತು. ನಾನು ಹೋದಾಗ ಇಬ್ಬರು ಹೆಂಗಸರು ಹಗ್ಗ ಜಿಗಿಯುವುದನ್ನು ಕಲಿಯುತ್ತಿದ್ದರು, ಒಬ್ಬ ದಪ್ಪ ಮನುಷ್ಯ ಲಾಗ ಹಾಕಲು ಹೋಗಿ ಕೆಮ್ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ.

"ಏನು ಕಳ್ಕಂಡೆ?" ಅಂದರು ಚಮನ್‌ಸಾಬ್.

"ಕುಕ್ಕರುಗಾಲು."

ಬಿದ್ದಿದ್ದವನೂ ಸೇರಿ ಎಲ್ಲರೂ ನಕ್ಕರು.

"ನಗಬ್ಯಾಡ್ರಲೇ. ಹೋದ ತಿಂಗಳು ಒಬ್ಬ ಕೆಮ್ಮೋದು ಕಳ್ಕಂಡು ಬಂದಿದ್ದ. ಮೂರು ವರ್ಷ ಆರಾಮಾಗಿದ್ದು ಆರಾಮಾಗಿದ್ದು ಹಂಗಾಗಿತ್ತು ಅವಂಗೆ." ನನ್ನ ಭುಜ ಹಿಡಿದು ಕಂಬದ ಹತ್ತಿರ ನಿಲ್ಲಿಸಿದರು. "ಇದನ್ನ ಹಿಡ್ಕ. ಬೀಳಲ್ಲ, ನಾನು ಹಿಂದೆ ಐದೀನಿ."

ಹತ್ತೊಂಬತ್ತು ದಿನ ಬೇಕಾಯಿತು. ಅಷ್ಟೂ ದಿನ ಆ ಮುದುಕ ನನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದರು. ಆ ದಿನಗಳಲ್ಲಿ ನಾನು ಪಾಯಿಖಾನೆಗೆ ಎಲ್ಲಿಗೆ ಹೋದೆ ಎನ್ನುವುದು ಇಲ್ಲಿ ಬೇಡ.

ಇಪ್ಪತ್ತನೆಯ ದಿನ ಕೂತು ಎದ್ದು ತೋರಿಸಿದ ಮೇಲೆ ಕೇಳಿದರು: "ಇನ್ನೇನು ಉಳಿದೈತೆ ನಿನ್ನ ಹತ್ರ?"

"ನಡಿಗೆ. ಮೆಟ್ಟಿಲು. ಓಟ."

"ಓಟಾನಾ? ನಿನ್ನಂಥೋನ ಹತ್ರ ಓಟ ಹೆಂಗೆ ಉಳೀತು?"

"ಕಚೇರಿಗೆ ತಡ ಆಗ್ತಿತ್ತು. ಆಸ್ಪತ್ರೇಲಿದ್ದಾಗ ಔಷಧಿ ಅಂಗಡಿಗೆ ಓಡ್ತಿದ್ದೆ."

ನಾನು ನೋಂದಣಿ ಕಚೇರಿಯಲ್ಲಿ ನಕಲು ಗುಮಾಸ್ತ. ಹಳೆಯ ಕಾಗದ ನೋಡಿ ಹೊಸ ಕಾಗದಕ್ಕೆ ಬರೆಯುವುದು, ಅಷ್ಟೇ ಕೆಲಸ. ಮಧ್ಯಾಹ್ನ ಮೂರೂವರೆಯವರೆಗೆ ಕೂತೇ ಇರುತ್ತೇನೆ.

"ಈಗ ತಡ ಆಗಲ್ವಾ?"

"ಹೊಸ ಸಾಹೇಬರು ಬಂದಿದಾರೆ. ಅವರೇ ಹನ್ನೊಂದಕ್ಕೆ ಬರೋದು."

"ಹಂಗಾದ್ರೆ ಬರೋ ವಾರ ಓಟಾನೂ ಹೋತು ಅನ್ನು." ಚಮನ್‌ಸಾಬ್ ಗಡ್ಡ ಕೆರೆದುಕೊಂಡರು. "ನಿನಗೆ ಜೋಡಿ ಹಾಕಬೇಕು."

ಜೋಡಿ ಎಂದರೆ ನಮ್ಮ ಗರಡಿಯಲ್ಲಿ ಕುಸ್ತಿಯ ಎದುರಾಳಿಯಲ್ಲ. ತನ್ನ ಎಂಟನ್ನು ತಾನೇ ಎಣಿಸಬಾರದು ಎನ್ನುವುದು ಹಿಂದಿನಿಂದ ಬಂದ ಮಾತು. ಎಣಿಸಿಕೊಂಡವನು ಐದನೆಯ ದಿನ ನಾಲ್ಕು ಅಂದುಕೊಳ್ಳುತ್ತಾನೆ, ಏಳನೆಯ ದಿನ ಐದು ಅಂದುಕೊಳ್ಳುತ್ತಾನೆ, ಒಂಬತ್ತನೆಯ ದಿನ ಗರಡಿಗೆ ಬಂದು ಅಳುತ್ತಾನೆ. ಅದಕ್ಕೇ ನನ್ನ ದಿನ ನೀನು ಎಣಿಸು, ನಿನ್ನ ದಿನ ನಾನು ಎಣಿಸುತ್ತೇನೆ. ಎಂಟಾದ ದಿನ ಬಂದು "ಎಂಟು" ಅನ್ನಬೇಕು. ಅವನು ನೂರು ಹೆಜ್ಜೆ ಓಡಬೇಕು, ಇವನು ನಿಂತು ನೋಡಬೇಕು. ಓಡುವವನು ಎಣಿಸಬಾರದು, ಎಣಿಸುವವನು ಓಡಬಾರದು. ನಡುವೆ ಯಾವತ್ತಾದರೂ ಅವನು ಇವನ ಕಣ್ಣೆದುರು ಓಡಿದರೆ ದಿನಕ್ಕೊಂದರಂತೆ ಎಳೆದಿಟ್ಟ ಗೆರೆ ಅಳಿಸಿ ಮತ್ತೆ ಮೊದಲಿನಿಂದ. ಇನ್ನೊಂದು ನಿಯಮವಿದೆ: ಕೊಟ್ಟ ಎಣಿಕೆಯನ್ನು ಕೊಟ್ಟವರೇ ವಾಪಸ್ಸು ತೆಗೆದುಕೊಳ್ಳಬೇಕು. ಇಟ್ಟುಕೊಂಡವರು ಅದನ್ನು ಬಿಸಾಡುವ ಹಾಗಿಲ್ಲ, ಎಷ್ಟೇ ಜಗಳವಾಗಲಿ.

ನನಗೆ ಜೋಡಿ ಹಾಕಿದ್ದು ಹಾಲಮ್ಮನನ್ನು. ಕೆಳಗಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ಕೊರಳಲ್ಲಿ ಯಾವಾಗಲೂ ಅಳತೆ ಟೇಪು, ಕಿವಿಯ ಹಿಂದೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ. ಅವಳ ಹಳೆಯ ಜೋಡಿ, ಒಬ್ಬ ರಿಟೈರಾದ ಟೀಚರು, ಆ ತಿಂಗಳಷ್ಟೇ ತೀರಿಕೊಂಡಿದ್ದರು.

ಹಾಲಮ್ಮ ನನ್ನನ್ನು ಅಂಗಿಯ ಬಟ್ಟೆ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. "ಈತನಾ? ವಸ್ತಾದಣ್ಣ, ಈತ ನನ್ನ ದಿನ ಎಣಿಸ್ತಾನೋ, ನಾನೇ ಈತನ ಉಸಿರು ಎಣಿಸ್ಬೇಕೋ?"

"ಓದು ಬಂದೋನು ಕಣವ್ವ. ಲೆಕ್ಕ ತಪ್ಪಲ್ಲ."

"ನಂಗೆ ಲೆಕ್ಕ ತಪ್ಪಂಗಿಲ್ಲ ಅಂತ ಹೇಳ್ರಿ ಈತಂಗೆ" ಅಂದಳು. ತಮಾಷೆ ನಿಂತಿತ್ತು.

ಅವಳಿಗೆ ಓಟ ಯಾಕೆ ಬೇಕೆಂದು ಊರಿಗೆಲ್ಲ ಗೊತ್ತಿತ್ತು. ಅವಳ ಅಕ್ಕ ಗಂಗಮ್ಮನದು ಮೇಲಿನ ಬೀದಿಯಲ್ಲಿ ಹಿಟ್ಟಿನ ಗಿರಣಿ. ಗಂಗಮ್ಮನಿಗೆ ಮೂರ್ಛೆರೋಗ. ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಬರುತ್ತದೆ, ಆದರೆ ಬರುವ ದಿನ ಹೇಳಿ ಬರುವುದಿಲ್ಲ. ಬಿದ್ದರೆ ಪಕ್ಕದಲ್ಲೇ ತಿರುಗುವ ಬೆಲ್ಟು. ಬಿದ್ದಳು ಎಂದು ಯಾರಾದರೂ ಮೇಲಿನಿಂದ ಕೂಗಿದರೆ ಹಾಲಮ್ಮ ಕೆಳಗಿನ ಬೀದಿಯಿಂದ ಓಡಬೇಕು. ನಮ್ಮ ಓಣಿಗಳಲ್ಲಿ ಗಾಡಿ ಹೋಗುವುದಿಲ್ಲ, ಅರ್ಧ ಇಳಿಜಾರು, ಅರ್ಧ ಮೆಟ್ಟಿಲು. ಗಿರಣಿ ಬಂದ್ ಮಾಡುವುದು, ಹಲ್ಲಿನ ನಡುವೆ ನಾಲಿಗೆ ಸಿಗದ ಹಾಗೆ ಮಗ್ಗುಲಿಗೆ ಹೊರಳಿಸುವುದು, ಎಲ್ಲಕ್ಕೂ ಅವಳೇ. ಬೇರೆಯವರು ಸುತ್ತ ನಿಂತು ಈರುಳ್ಳಿ ಮೂಸಿಸುತ್ತಾರೆ.

ಅವಳ ಎಣಿಕೆಯನ್ನು ನಾನು ನನ್ನ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಇಡುತ್ತಿದ್ದೆ. ಅವಳು ನನ್ನದನ್ನು ಅಂಗಡಿಯ ತಗಡಿನ ಬಾಗಿಲ ಒಳಗಡೆ. ಎಂಟಾದ ದಿನ ಸಂಜೆ ನಾನು ಅವಳ ಅಂಗಡಿಗೆ ಹೋಗಿ "ಎಂಟು" ಅನ್ನುತ್ತಿದ್ದೆ. ಅವಳು ಕತ್ತರಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ಆ ತುದಿಗೆ ಓಡಿ ಬರುತ್ತಿದ್ದಳು. ನನ್ನ ಎಂಟಾದ ದಿನ ಅವಳು ನನ್ನ ಮನೆಯ ಕೆಳಗೆ ಬಂದು ನಿಲ್ಲುತ್ತಿದ್ದಳು. ಓಡಿದ ಮೇಲೆ ಚಹಾ. ಅದು ನಿಯಮದಲ್ಲಿ ಇರಲಿಲ್ಲ, ತಾನಾಗೇ ಬಂತು.

"ನೀನು ಓಡೋದು ನೋಡಿದ್ರೆ ಯಾರೋ ಹಿಂದಿನಿಂದ ಗೋಣಿಚೀಲ ತಳ್ಳಿದಂಗೆ ಕಾಣ್ತೈತೆ" ಅನ್ನುತ್ತಿದ್ದಳು.

"ನಿಮ್ಮದು ಚೆನ್ನಾಗಿದೆಯಲ್ಲ, ಅದಕ್ಕೆ ನಂದು ಹಂಗೆ ಕಾಣುತ್ತೆ."

"ಬೆಣ್ಣೆ ಹಚ್ಚಬ್ಯಾಡ. ಚಹಾಕ್ಕೆ ಸಕ್ಕರೆ ಹಾಕು." ಲೋಟ ಎತ್ತಿ ಕುಡಿದು ನನ್ನ ಕೋಣೆಯನ್ನು ನೋಡುತ್ತಿದ್ದಳು. "ಒಂದು ಪರದೆ ಹಾಕ್ಬಾರ್ದಾ ಮಾರಾಯ? ಪೊಲೀಸ್ ಠಾಣೆ ಇದ್ದಂಗೈತೆ."

"ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಅಂತ ಹಲ್ಲು ಉಜ್ಜೋದು ಬಿಡ್ತೀಯಾ?"

ಮುಂದಿನ ಎಂಟಕ್ಕೆ ಪರದೆ ತಂದಳು. ಉಳಿದ ತುಂಡುಗಳನ್ನು ಕೂಡಿಸಿ ಹೊಲಿದದ್ದು, ಒಂದು ಕಡೆ ಹೂವು, ಇನ್ನೊಂದು ಕಡೆ ಚೌಕುಳಿ.

ಇದನ್ನು ಪ್ರೇಮ ಎಂದು ತಿಳಿಯಬೇಡಿ. ನಾನೂ ಒಂದೆರಡು ಸಲ ಹಾಗೆ ತಿಳಿದು ನೋಡಿದೆ, ಹೊಂದಲಿಲ್ಲ. ಅದಕ್ಕಿಂತ ಸಣ್ಣದು. ಈ ಊರಲ್ಲಿ ಒಬ್ಬರು ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೆಸರಿನಲ್ಲಿ ಒಂದು ಗೆರೆ ಎಳೆಯುತ್ತಾರೆ ಎನ್ನುವುದು, ಅಷ್ಟೇ. ಕಚೇರಿಯಲ್ಲಿ ಕೂತಾಗ ನನಗೆ ಆ ಗೆರೆ ಕಾಣುತ್ತಿತ್ತು. ಇವತ್ತು ಮೂರಾಯಿತು, ಇವತ್ತು ನಾಲ್ಕು. ತನ್ನದನ್ನು ತಾನು ಎಣಿಸಬಾರದು ಎನ್ನುವ ನಿಯಮ ನಾನು ಮೊದಲ ತಿಂಗಳೇ ಮುರಿದಿದ್ದೆ. ಅವಳು ಮುರಿದಿರಲಿಲ್ಲ. ಎರಡು ಬೀದಿಯ ಹೆಂಗಸರ ರವಿಕೆಗಳು, ಗಿರಣಿ, ಅಕ್ಕನ ಮಾತ್ರೆಗಳು ಇವುಗಳ ನಡುವೆ ಅವಳಿಗೆ ವಾರ ಯಾವುದೆಂದೇ ತಿಳಿಯುತ್ತಿರಲಿಲ್ಲ. "ನೀನಿದ್ದೀಯಲ್ಲ" ಅನ್ನುತ್ತಿದ್ದಳು.

ಎಂಟು ದಿನಕ್ಕೆ ಎರಡು ಸಂಜೆ. ಅವಳದೊಂದು, ನನ್ನದೊಂದು. ಉಳಿದ ಆರು ಸಂಜೆ ಆ ಪರದೆ ನೋಡುತ್ತಾ ಕೂರುತ್ತಿದ್ದೆ. ಸುಮ್ಮನೆ ಒಬ್ಬರ ಮನೆಗೆ ಹೋಗಿ ಕೂರುವುದು ನನ್ನಿಂದ ಎಂದೋ ಕಳೆದುಹೋಗಿತ್ತು, ಸೈಕಲ್ಲಿನ ಹಾಗೆ. ಬಾಗಿಲವರೆಗೆ ಹೋದರೂ ಕಾಲು ತಿರುಗುತ್ತಿತ್ತು. ಒಂದು ಸಲ ಮೂರನೆಯ ದಿನವೇ ಅಂಗಡಿಗೆ ಹೋಗಿ, "ಇವತ್ತು ಓಡೋಣ ಅನಿಸಿತು, ನೋಡ್ತೀರಾ?" ಅಂದೆ.

"ಎಂಟಾಗ್ಲಿ ತಡಿಯಪ್ಪ. ಮದುವೆ ಬಟ್ಟೆ ಐತೆ" ಅಂದಳು, ತಲೆಯೆತ್ತದೆ.

ಆ ವಾರ ಅವಳ ಏಳನೆಯ ದಿನ ಹೋಗಿ ನಾನು "ಎಂಟು" ಅಂದೆ.

ಏನೂ ಆಗಲಿಲ್ಲ. ಅವಳು ಕತ್ತರಿ ಇಟ್ಟು ಓಡಿದಳು, ಚಹಾ ಕುಡಿದಳು, ಯಾರದೋ ಸೊಸೆ ಒಂದೇ ರವಿಕೆಗೆ ನಾಲ್ಕು ಸಲ ಅಳತೆ ಕೊಟ್ಟ ಕಥೆ ಹೇಳಿದಳು. ಮುಂದಿನ ಸಲ ಆರನೆಯ ದಿನಕ್ಕೆ ಎಂಟು ಅಂದೆ. ಆಮೇಲೆ ಐದು. ಸುಳ್ಳು ಹೇಳುವುದು ಕೂಡ ದಿನಾ ಮಾಡಿದರೆ ಮೈಗೆ ಹತ್ತುತ್ತದೆ. ಅವಳು ಬೇಗ ಬೇಗ ಓಡುತ್ತಿದ್ದಳಲ್ಲ, ನಷ್ಟವೇನು ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ಗಟ್ಟಿಯಾಗುತ್ತದೆ, ಒಳ್ಳೆಯದೇ ಎಂದೂ ಹೇಳಿಕೊಂಡೆ. ಒಂದು ಮಾತ್ರ ಮಾಡಲಿಲ್ಲ. ಚೌಕಟ್ಟಿನ ಮೇಲೆ ಸುಳ್ಳು ಗೆರೆ ಎಳೆಯಲಿಲ್ಲ. ಬಾಯಲ್ಲಿ ಎಂಟು ಅಂದ ದಿನವೂ ಅಲ್ಲಿ ಐದೇ ಇರುತ್ತಿದ್ದವು. ಯಾಕೆಂದು ಕೇಳಿದರೆ ಹೇಳಲಾರೆ. ಪ್ರಾಮಾಣಿಕತೆಯಂತೂ ಅಲ್ಲ.

ಹಿಡಿದದ್ದು ಗಂಗಮ್ಮ. ಅಮಾವಾಸ್ಯೆಯ ದಿನ ಗಿರಣಿಗೆ ರಜಾ. ಅವಳು ತಂಗಿಯ ಅಂಗಡಿಗೆ ಬಂದು ಕೂತಿದ್ದಳು, ಆವತ್ತು ಹಾಲಮ್ಮ ಓಡಿದ್ದನ್ನು ಕಣ್ಣಾರೆ ನೋಡಿದ್ದಳು. ಅದಾಗಿ ನಾಲ್ಕನೆಯ ದಿನ ನಾನು ಹೋಗಿ "ಎಂಟು" ಅಂದಾಗ ಗಂಗಮ್ಮ ಒಳಗೆ ಗುಂಡಿಗೆ ಕಾಜ ಹಾಕುತ್ತಿದ್ದಳು. ನನಗೆ ಕಂಡಿರಲಿಲ್ಲ.

"ಯಾವ ಎಂಟೋ?" ಅಂದಳು ಒಳಗಿಂದಲೇ. "ಅಮಾವಾಸ್ಯೆ ಹೋಗಿ ನಾಲ್ಕು ದಿನ ಆಗಿಲ್ಲ."

ಹಾಲಮ್ಮ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಬಹುದಿತ್ತು. ಮರೆತೆ ಎನ್ನಬಹುದಿತ್ತು. ಅವಳು ಕಾಯಲಿಲ್ಲ, ಚಪ್ಪಲಿ ಮೆಟ್ಟಿ ನೇರ ನನ್ನ ಮನೆಗೆ ನಡೆದಳು, ನಾನು ಹಿಂದೆ ಹಿಂದೆ. ಮೆಟ್ಟಿಲು ಹತ್ತಿ ಚೌಕಟ್ಟಿನ ಮುಂದೆ ನಿಂತಳು. ನಾಲ್ಕು ಗೆರೆ.

"ಇಲ್ಲಿ ನಾಲ್ಕು ಬರ್ದು ಅಲ್ಲಿ ಬಂದು ಎಂಟು ಅಂದ್ಯಾ?"

ಹೌದೆಂದು ತಲೆಯಾಡಿಸಿದೆ.

"ಎಷ್ಟು ಸಲ?"

"ಎಂಟೋ ಒಂಬತ್ತೋ."

"ಯಾಕೆ?"

"ನೀವು ಬರ್ತೀರಿ ಅಂತ."

ಅವಳಿಗೆ ಅರ್ಥವಾಯಿತು, ಅದೇ ಕಷ್ಟವಾದದ್ದು. ಅರ್ಥವಾಗದಿದ್ದರೆ ಬೈಯುತ್ತಿದ್ದಳು. "ತಿಪ್ಪೇಶ" ಅಂದಳು. ಅಲ್ಲಿಯವರೆಗೆ ಅವಳು ನನ್ನ ಹೆಸರು ಹಿಡಿದದ್ದು ನೆನಪಿಲ್ಲ. "ಇವತ್ತು ನಾಲ್ಕಕ್ಕೆ ಎಂಟು ಅಂದೋನು, ನಾಳೆ ಹತ್ತಕ್ಕೆ ಎಂಟು ಅಂದ್ರೆ ನಮ್ಮಕ್ಕನ ಗತಿ ಏನೋ? ಒಂದ್ಸಲ ನೀನು ಸಿಟ್ಟು ಮಾಡ್ಕಂಡ್ರೆ? ಒಂದ್ಸಲ ಜ್ವರ ಬಂದು ಮಲಿಕ್ಕಂಡ್ರೆ? ನಾನು ಎಣಿಸೋದೇ ಬಿಟ್ಟಿದ್ದೆ, ನೀನಿದ್ದೀಯ ಅಂತ."

ಸೆರಗಿನಿಂದ ನಾಲ್ಕು ಗೆರೆಗಳನ್ನೂ ಒರೆಸಿದಳು. ಹಾಗೆ ಒರೆಸಿದರೆ ಎಣಿಕೆ ವಾಪಸ್ಸು ತೆಗೆದುಕೊಂಡಂತೆ. ಮರುದಿನದಿಂದ ಅವಳ ದಿನಗಳನ್ನು ಚಮನ್‌ಸಾಬರ ಸೊಸೆ ಎಣಿಸತೊಡಗಿದಳೆಂದು ಗರಡಿಯಲ್ಲಿ ಕೇಳಿದೆ.

ನನ್ನ ಎಣಿಕೆ ಮಾತ್ರ ಅವಳ ಹತ್ತಿರವೇ ಉಳಿಯಿತು. ನಾನು ತೆಗೆದುಕೊಳ್ಳಲಿಲ್ಲ, ಅವಳು ಬಿಸಾಡುವಂತಿರಲಿಲ್ಲ. ಎಂಟನೆಯ ದಿನ ಸಂಜೆ ನಾಲ್ಕಕ್ಕೆ ನನ್ನ ಮನೆಯ ಕೆಳಗೆ ಬಂದು ನಿಂತು "ಎಂಟು" ಅಂದಳು. ನಾನು ಇಳಿದು ಓಡಿದೆ. ನೂರಾದ ಕೂಡಲೇ ಅವಳು ತಿರುಗಿ ಹೋದಳು. ಮೇಲೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಎರಡು ಲೋಟದಷ್ಟು.

ಹಾಗೆ ಏಳು ತಿಂಗಳು ನಡೆಯಿತು. ಎಂಟು ದಿನಕ್ಕೊಂದು ಮಾತು, ಎರಡೇ ಅಕ್ಷರ. ಅದರಲ್ಲೂ ನಾನು ಬೇರೆ ಬೇರೆ ದನಿ ಹುಡುಕುತ್ತಿದ್ದೆ. ಇವತ್ತು ನೆಗಡಿಯಾಗಿದೆ. ಇವತ್ತು ಅವಸರದಲ್ಲಿದ್ದಾಳೆ. ಇವತ್ತು ಸ್ವಲ್ಪ ಮೆತ್ತಗೆ ಅಂದಳೇನೋ, ಇಲ್ಲ, ಬಾಯಲ್ಲಿ ಗುಂಡುಸೂಜಿ ಇತ್ತು. ಓಡಲು ಮನಸ್ಸಿಲ್ಲದೆ ನಾನು ಎಂಟಕ್ಕೊಂದು ಸಲ ಓಡುತ್ತಿದ್ದೆ ಎಂದು ಗರಡಿಯವರು ತಿಳಿದಿದ್ದರು. ಹಾಗಲ್ಲ. ಐದನೆಯ ದಿನಕ್ಕೆ ಕಾಲು ತಾನಾಗಿಯೇ ಕೇಳುತ್ತಿತ್ತು. ಕಚೇರಿಯಲ್ಲಿ ಮೇಜಿನ ಕೆಳಗೆ ಮಂಡಿ ಕುಣಿಯುತ್ತಿತ್ತು. ಆದರೆ ಐದನೆಯ ದಿನ ಓಡುವಾಗ ಅಪ್ಪಿತಪ್ಪಿ ಅವಳ ಕಣ್ಣಿಗೆ ಬಿದ್ದರೆ ಗೆರೆಗಳು ಅಳಿಸಿಹೋಗುತ್ತವೆ. ಗೆರೆ ಎಂಟಾಗದಿದ್ದರೆ ಅವಳು ಬರುವುದಿಲ್ಲ. ಅದಕ್ಕೆ ಕಾಲನ್ನು ಕೈಯಿಂದ ಅದುಮಿ ಹಿಡಿದು ಕೂರುತ್ತಿದ್ದೆ. ಓಟ ಉಳಿಸುವುದಕ್ಕೆಂದು ಮಾಡಿಕೊಂಡ ಏರ್ಪಾಟು ಓಡದಿರುವುದಕ್ಕೆ ಕಾರಣವಾಗಿತ್ತು. ಮೈ ಬಂತು. ಮಾಲೀಕರು, "ಏನಪ್ಪ, ಮೆಟ್ಟಿಲು ಸದ್ದು ಮಾಡ್ತವೆ" ಅಂದರು.

ಕಾರ್ತಿಕದ ಒಂದು ದಿನ, ನನ್ನ ಎಂಟು, ಅವಳು ನಾಲ್ಕಕ್ಕೆ ಬರಲಿಲ್ಲ.

ಐದಾಯಿತು. ನಾನು ಕಿಟಕಿಯಲ್ಲಿ ಕೂತಿದ್ದೆ. ಇವತ್ತು ಎಂಟು ಎಂದು ನನಗೆ ಗೊತ್ತಿತ್ತು. ಅವಳ ಅಂಗಡಿಯ ಮುಂದೆ ಹೋಗಿ ಓಡಿದರೆ ಮುಗಿಯುತ್ತಿತ್ತು. ಅಷ್ಟೂ ಬೇಡ, ನನ್ನ ಓಣಿಯಲ್ಲೇ ಒಬ್ಬನೇ ನೂರು ಹೆಜ್ಜೆ ಹಾಕಿದ್ದರೂ ಓಟ ಉಳಿಯುತ್ತಿತ್ತು. ಮೈಗೆ ಸಾಕ್ಷಿ ಬೇಕಿಲ್ಲ, ಸಾಕ್ಷಿ ಬೇಕಾದದ್ದು ಗರಡಿಗೆ. ನಾನು ಏಳಲಿಲ್ಲ. ಬರುತ್ತಾಳೆ ಅಂದುಕೊಂಡೆ. ಬರಲಿಲ್ಲವೆಂದರೆ ಆ ಎಣಿಕೆಗೆ ಅರ್ಥವಿಲ್ಲ, ಹೋಗಲಿ ಅಂದುಕೊಂಡೆ. ಐದೂವರೆ ಆಯಿತು. ಎದುರುಮನೆಯ ಅಜ್ಜಿ ದೀಪದ ಬತ್ತಿ ಹೊಸೆಯಲು ಕೂತಳು. ನಾನು ಆ ಬತ್ತಿಯನ್ನೇ ನೋಡುತ್ತಾ ಕೂತೆ. ಓಟ ಹೋದರೆ ಹೋಗಲಿ, ಅವಳು ಬರದೆ ಹೋಯಿತು ಎನ್ನುವುದು ಅವಳಿಗೆ ತಿಳಿಯಲಿ ಎನ್ನುವ ಒಂದು ಹೊಲಸು ಸಮಾಧಾನವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಆಗ ಓಣಿಯ ಮೇಲ್ತುದಿಯಿಂದ ಹೆಜ್ಜೆ ಸದ್ದು ಬಂತು. ಹಾಲಮ್ಮ ಓಡಿ ಬರುತ್ತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು, ತಲೆಯ ತುಂಬ ಹಿ‍ಟ್ಟು, ಸೀರೆಯ ಮಡಿಲಲ್ಲಿ ಅಂಗೈಯಗಲ ರಕ್ತ. ಕಾಲಿಗೆ ಚಪ್ಪಲಿ ಇರಲಿಲ್ಲ.

"ಎಂಟು!" ಅಂದಳು. ಏದುಸಿರಿನಲ್ಲಿ ಅದು ಮಾತೇ ಆಗಿರಲಿಲ್ಲ. "ಏಳೋ, ಎದ್ದು ಬಾರೋ ಹೊರಗೆ!"

ನಾನು ಮೆಟ್ಟಿಲಿಳಿದು ಬಂದೆ. "ಏನಾಯ್ತಕ್ಕ?"

"ಗಂಗಕ್ಕ ಬಿದ್ಲು. ಹಣೆ ಒಡೆದೈತೆ. ಯಾರೋ ಜೋಳ ಬೀಸ್ಸಾಕೆ ಬಂದೋರ ತೊಡೆ ಮೇಲೆ ತಲೆ ಇಟ್ಟು ಬಂದೀನಿ. ಓಡು, ಓಡಲೇ, ನಾನು ನೋಡ್ಬೇಕು, ನೋಡ್ದೆ ಹೋಗಂಗಿಲ್ಲ ನಾನು!"

ನಾನು ಓಡಿದೆ. ಯಾವ ಕಡೆಗೆಂದು ಯೋಚಿಸಲಿಲ್ಲ, ಕಾಲು ಮೇಲಿನ ಬೀದಿಯ ಕಡೆಗೆ ತಿರುಗಿತು. ಅವಳೂ ಹಿಂದೆಯೇ ಓಡಿ ಬಂದಳು, ಅವಳು ಹೋಗಬೇಕಾದದ್ದೂ ಅಲ್ಲಿಗೇ. ಎಣಿಸುವವರು ಓಡಬಾರದು ಎನ್ನುವ ನಿಯಮವನ್ನು ಅವಳು ಮುರಿದದ್ದು ಅದೊಂದೇ ಸಲ. ಒಂದೂವರೆ ವರ್ಷದಲ್ಲಿ ನಾವಿಬ್ಬರೂ ಜೊತೆಯಲ್ಲಿ ಓಡಿದ್ದೂ ಅದೊಂದೇ ಸಲ. ಅವಳು ನನ್ನನ್ನು ಹತ್ತು ಹೆಜ್ಜೆಯಲ್ಲಿ ಹಿಡಿದಳು. ನನ್ನ ಪಕ್ಕದಲ್ಲಿ ಅವಳ ಉಸಿರು, ಉಸಿರಿನ ನಡುವೆ ಎಣಿಕೆ. ಮೂವತ್ತೊಂದು. ಮೂವತ್ತೆರಡು. ಅಕ್ಕ ರಕ್ತ ಸುರಿಸುತ್ತಾ ಬಿದ್ದಿದ್ದಾಳೆ, ಇವಳು ನನ್ನ ಹೆಜ್ಜೆ ಎಣಿಸುತ್ತಿದ್ದಾಳೆ. ನನಗೆ ಎದೆ ಉರಿಯುತ್ತಿತ್ತು, ಕೂತು ಕೂತು ಬೆಳೆಸಿದ ಹೊಟ್ಟೆ ಎಳೆಯುತ್ತಿತ್ತು. ಅವಳಿಗೆ ಇನ್ನೂ ಜೋರಾಗಿ ಓಡಲು ಬರುತ್ತಿತ್ತು. ನನ್ನ ಸಲುವಾಗಿ ನಿಧಾನವಾಗಿ ಓಡುತ್ತಿದ್ದಳು. ಅದು ತಿಳಿದಾಗ ಅರವತ್ತು ದಾಟಿತ್ತು.

"ಹೋಗಿ ಅಕ್ಕ, ನೀವು ಮುಂದೆ ಹೋಗಿ."

"ಬಾಯಿ ಮುಚ್ಕಂಡು ಓಡು. ಎಪ್ಪತ್ನಾಲ್ಕು."

ಎಂಬತ್ತು. ತೊಂಬತ್ತು. ಗಿರಣಿಯ ಬೀದಿಯ ಮೊದಲ ಮೆಟ್ಟಿಲುಗಳು ಕಂಡವು.

"ನೂರು" ಅಂದಳು. "ಆತು. ನಿಲ್ಲು."

"ನಾನೂ ಬರ್ತೀನಿ. ಎತ್ತೋಕೆ ಜನ ಬೇಕಾಗುತ್ತೆ."

"ಬ್ಯಾಡ. ನಿಂದು ಮುಗೀತು."

ಅಷ್ಟು ಹೇಳಿ ಅವಳು ಓಡಿದಳು. ಆಗ ಅವಳ ನಿಜವಾದ ಓಟ ನೋಡಿದೆ. ಎರಡೆರಡು ಮೆಟ್ಟಿಲಿಗೆ ಒಂದು ಹೆಜ್ಜೆ. ತಿರುವಿನಲ್ಲಿ ಮರೆಯಾಗುವವರೆಗೆ ನಾನು ಮಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಓಣಿಯಲ್ಲಿ ಒಂದೊಂದೇ ಮನೆಯಲ್ಲಿ ದೀಪ ಹಚ್ಚಿದರು.

ಗಂಗಮ್ಮನಿಗೆ ಹಣೆಗೆ ಆರು ಹೊಲಿಗೆ ಬಿದ್ದವು. ಬದುಕಿದಳು. ತೊಡೆ ಕೊಟ್ಟಿದ್ದವರು ಹೆದರಿ ಅವಳ ಬಾಯಿಗೆ ನೀರು ಹಾಕಲು ಹೋಗಿದ್ದರಂತೆ, ಅಷ್ಟರಲ್ಲಿ ಹಾಲಮ್ಮ ಬಂದಳಂತೆ. ಇನ್ನೊಂದು ನೂರು ಹೆಜ್ಜೆ ತಡವಾಗಿದ್ದರೆ ನೀರು ಶ್ವಾಸಕ್ಕೆ ಹೋಗುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಚಮನ್‌ಸಾಬ್ ನನಗೆ ಹೇಳಿದರು. ಅವರಿಗೆ ನನ್ನ ಕಥೆ ಪೂರ್ತಿ ಗೊತ್ತಿತ್ತೋ ಇಲ್ಲವೋ. "ನಿನ್ನ ಎಣಿಕೆ ವಾಪಸ್ ಇಸ್ಕ, ಬೇರೆ ಜೋಡಿ ಹಾಕ್ತೀನಿ" ಅಂದರು.

ಇಸಿದುಕೊಳ್ಳಬೇಕೆಂದೇ ಹೊರಟೆ. ಅಂಗಡಿ ಎರಡು ದಿನ ಮುಚ್ಚಿತ್ತು. ಮೂರನೆಯ ದಿನ ಬೆಳಿಗ್ಗೆ ತೆರೆದಿತ್ತು. ಅವಳು ಮಿಷನ್ನಿನ ಮುಂದೆ ಕೂತಿದ್ದಳು, ತೆರೆದ ತಗಡಿನ ಬಾಗಿಲ ಒಳಗಡೆ ಮೂರು ಗೆರೆ. ಮೂರು ಗೆರೆ ಎಂದರೆ, ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೂ ಯಾವಾಗಲೋ ಬಂದು ಎಳೆದಿದ್ದಾಳೆ. ನಾನು ಬೀದಿಯ ಆಚೆ ನಿಂತಿದ್ದೆ. ಹೋಗಿ ಒರೆಸಬೇಕು, ಅಷ್ಟೇ. ಅಂಗಿಯ ತೋಳು ಸಾಕು.

ಆಗಲಿಲ್ಲ. ಅದರ ಬದಲು ಬೀದಿಯ ಈ ತುದಿಗೆ ಹೋಗಿ ಆ ತುದಿಯವರೆಗೆ ಓಡಿದೆ, ಅವಳ ಅಂಗಡಿಯ ಮುಂದಿನಿಂದ. ಹಾಲಿನವನು ಪಕ್ಕಕ್ಕೆ ಸರಿದು ಬೈದ. ವಾಪಸ್ಸು ಬರುವಾಗ ಅವಳು ತಲೆಯೆತ್ತಿದ್ದಳು. ತುಟಿ ಅಲುಗುತ್ತಿತ್ತು. ನೂರಾಗುವವರೆಗೆ ನೋಡಿದಳು, ಎದ್ದು ಬಂದು ಅಂಗೈಯಿಂದ ಮೂರೂ ಗೆರೆ ಒರೆಸಿದಳು, ಕೈಯ ಸುಣ್ಣವನ್ನು ಸೆರಗಿಗೆ ಉಜ್ಜಿಕೊಂಡು ಹೋಗಿ ಕೂತಳು. ಮಿಷನ್ನು ಮತ್ತೆ ಸದ್ದು ಮಾಡಿತು.

ಮರುದಿನವೂ ಓಡಿದೆ. ಒಂದೇ ಗೆರೆ ಇತ್ತು. ಒರೆಸಿದಳು. ಅದರ ಮರುದಿನವೂ. ಮೊದಲ ವಾರವೆಲ್ಲ ಅವಳು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು, ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕುವವಳ ಹಾಗೆ. ಆಮೇಲೆ ಹುಡುಕುವುದನ್ನು ಬಿಟ್ಟಳು. ತಿಂಗಳಾದ ಮೇಲೆ ಗೆರೆ ಎಳೆಯುವುದನ್ನೂ ಬಿಟ್ಟಳು. ಎಳೆಯುವಷ್ಟರಲ್ಲಿ ನಾನು ಬಂದಿರುತ್ತಿದ್ದೆ. ಈಗ ತಲೆಯೆತ್ತುವುದೂ ಕಡಿಮೆ. ಹೆಜ್ಜೆ ಸದ್ದಿಗೆ ಪೆಡಲಿನ ಮೇಲಿನ ಕಾಲು ಒಂದು ಕ್ಷಣ ನಿಲ್ಲುತ್ತದೆ, ಅಥವಾ ನನಗೆ ಹಾಗೆ ಕೇಳುತ್ತದೆ.

ಗರಡಿಯಲ್ಲಿ ನನ್ನನ್ನು ಹೊಸಬರಿಗೆ ತೋರಿಸುತ್ತಾರೆ. ಆ ಲಾಗದ ದಪ್ಪ ಮನುಷ್ಯ ಒಮ್ಮೆ ಪಕ್ಕ ಬಂದು ಕೂತು, "ದಿನಾ ಮನಸ್ಸು ಹೆಂಗೆ ಬರುತ್ತೆ ಸ್ವಾಮಿ ನಿಮಗೆ?" ಅಂದ. ಬರುವುದಿಲ್ಲ ಅಂದೆ. ನಂಬಲಿಲ್ಲ.

ಹೋದ ವಾರ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಗಂಗಮ್ಮನ ಹಣೆಯ ಗಾಯ ಬೆಳ್ಳಗೆ ಒಣಗಿದೆ. ನನ್ನ ಡಬ್ಬಿಯ ಜೋಳವನ್ನು ಗಿರಣಿಯ ಬಾಯಿಗೆ ಸುರಿದು, ಬೆಲ್ಟಿನ ಸದ್ದಿನ ಮೇಲೆ ಕೂಗಿದಳು.

"ಈಗ ದಿನಾ ಓಡ್ತೀಯಂತೆ?"

"ಹೌದು."

"ಒಳ್ಳೇದಾತು ಬಿಡು. ಅವಳಿಗೊಂದು ಕೆಲಸ ಕಮ್ಮಿ ಆತು."

ಹೌದು ಅಂದೆ. ಹಿಟ್ಟು ಬಿಸಿಯಿತ್ತು. ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದು ಮನೆಗೆ ಬಂದು, ಎರಡು ರೊಟ್ಟಿ ತಟ್ಟಿ ತಿಂದು ಮಲಗಿದೆ. ಬೆಳಿಗ್ಗೆ ಎದ್ದಾಗ ವಿಪರೀತ ಚಳಿ. ಕಾಲು ಬೇಡ ಅಂದಿತು, ಮನಸ್ಸು ಮೊದಲೇ ಬೇಡ ಅಂದಿತ್ತು. ಎದ್ದು ಓಡಿದೆ.